ಉಪಗೂಹನದ ಹೆಸರಿನಲ್ಲಿ ನಾವು ಮುಚ್ಚಿಡುತ್ತಿರುವುದೇನು?

ಸಪ್ತವ್ಯಸನಗಳ ಹೆಸರನ್ನು ನಮ್ಮ ಮನೆಯ ಮಕ್ಕಳು ಪಾಠಶಾಲೆಯಲ್ಲಿ ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ದ್ಯೂತ, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಚೌರ್ಯ, ಪರಸ್ತ್ರೀಸಂಗ. ಈ ಏಳರ ಪೈಕಿ ಎರಡನೆಯದರ ವಿಷಯದಲ್ಲಿ ನಮ್ಮ ಸಮಾಜ ಎಷ್ಟು ಎಚ್ಚರದಿಂದಿದೆಯೆಂದರೆ, ಮದುವೆಯ ಪಂಕ್ತಿಯಲ್ಲಿ ಆಲೂಗಡ್ಡೆಯ ಪಲ್ಯ ಬಡಿಸಿದರೂ ನಾಲ್ಕು ಮಂದಿ ಹಿರಿಯರು ಎಲೆ ಬಿಟ್ಟು ಏಳುತ್ತಾರೆ. ಏಳಲಿ, ಅದು ಅವರ ವ್ರತ. ಆದರೆ ಮೊದಲನೆಯದರ ವಿಷಯದಲ್ಲಿ ನಾವು ಎದ್ದುಹೋದದ್ದು ಎಲ್ಲಿ? ದ್ಯೂತಕ್ಕೆ ಆಚಾರ್ಯರು ಮೊದಲ ಸ್ಥಾನ ಕೊಟ್ಟದ್ದು ಯಾದೃಚ್ಛಿಕವಲ್ಲ. ಉಳಿದ ಆರಕ್ಕೂ ಬಾಗಿಲು ತೆರೆಯುವುದು ಅದೇ ಎಂಬುದು ಶ್ರಾವಕಾಚಾರ ಗ್ರಂಥಗಳ ಪರಂಪರೆಯ ತಿಳಿವಳಿಕೆ. ಏಳು ವ್ಯಸನಗಳಿಗೆ ಏಳು ನಿದರ್ಶನಗಳನ್ನು ಹೇಳುವಾಗ ದ್ಯೂತಕ್ಕೆ ಹೇಳುವ ಹೆಸರು ಯಾವನೋ ದುಷ್ಟನದಲ್ಲ, ಧರ್ಮರಾಜ ಯುಧಿಷ್ಠಿರನದು. ಸಜ್ಜನನೇ ಇದಕ್ಕೆ ಬಲಿಯಾಗುತ್ತಾನೆ ಎಂಬ ಎಚ್ಚರಿಕೆ ಆ ಆಯ್ಕೆಯಲ್ಲಿಯೇ ಇದೆ. ನಾವು ಅದನ್ನು ಓದಿಕೊಂಡಿಲ್ಲ.

ಇದನ್ನು ಬರೆಯಲು ಕಾರಣನಾದವನು ನನ್ನ ಬಾಲ್ಯಮಿತ್ರ. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಅವನದೊಂದು ಬಟ್ಟೆಯಂಗಡಿ, ತಂದೆಯಿಂದ ಬಂದದ್ದು. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಹಾಕಬಾರದೆಂಬುದೊಂದೇ ಅವನ ಷರತ್ತು. ಅದೂ ತನಗಾಗಿ ಅಲ್ಲ, ಮಗಳ ಮದುವೆಯ ಮಾತುಕತೆಗಾಗಿ.

ಆ ಬೀದಿಯನ್ನು ಬಲ್ಲವರಿಗೆ ಅದರ ಸಂಜೆಯ ಗದ್ದಲವನ್ನು ವರ್ಣಿಸಬೇಕಾಗಿಲ್ಲ. ಒಂದು ಬದಿಗೆ ಜ್ಯುವೆಲರ್ಸ್ ಸ್ಟ್ರೀಟ್‌ನ ಬೆಳ್ಳಿಬಂಗಾರ, ಇನ್ನೊಂದು ಬದಿಗೆ ಇಬ್ರಾಹಿಂ ಸಾಹೇಬ್ ಸ್ಟ್ರೀಟ್‌ನ ಗುಂಡಿ, ಜರಿ, ಲೇಸು. ನಡುವೆ ಗಿರಾಕಿಗಳನ್ನು ಕೂಗಿ ಕರೆಯುವ ಹುಡುಗರು. ಅಂಗಡಿಯವನ ಕಣ್ಣು ಯಾವಾಗಲೂ ಹೊಸ್ತಿಲ ಮೇಲಿರಬೇಕು ಎಂದು ಮಿತ್ರನ ತಂದೆಯವರು ಹೇಳುತ್ತಿದ್ದರು. ಹೊಸ್ತಿಲು ತುಳಿದ ಗಿರಾಕಿಯ ಚಪ್ಪಲಿ ನೋಡಿಯೇ ಯಾವ ದರ್ಜೆಯ ಬಟ್ಟೆ ಬಿಚ್ಚಬೇಕೆಂದು ಅವರು ನಿರ್ಧರಿಸುತ್ತಿದ್ದರಂತೆ. ಮಗನೂ ಮೂವತ್ತು ವರ್ಷ ಹಾಗೆಯೇ ವ್ಯಾಪಾರ ಮಾಡಿದ. 2022ರ ಬೇಸಗೆಯಲ್ಲಿ ಒಂದು ದಿನ ನಾನು ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ನಿಂತೆ. ಅವನು ತಲೆಯೆತ್ತಲಿಲ್ಲ. ಗಲ್ಲಾದ ಕೆಳಗೆ ತೊಡೆಯ ಮೇಲಿಟ್ಟುಕೊಂಡ ಮೊಬೈಲಿನಲ್ಲಿ ಇಸ್ಪೀಟೆಲೆಗಳು ಜಾರುತ್ತಿದ್ದವು. ಹಣ ಬಂದಾಗಲೆಲ್ಲ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯೊಂದು ಮೇಜಿನ ಮೇಲಿತ್ತು; ಇಷ್ಟು ರೂಪಾಯಿ ಸಂದಾಯವಾಗಿದೆ ಎಂದು ಅದು ಸಾರುತ್ತಿದ್ದುದು ಕೇಳುತ್ತಿತ್ತು. ಅದೇ ಖಾತೆಯಿಂದ ಹೋಗುತ್ತಿದ್ದ ಹಣಕ್ಕೆ ಮಾತ್ರ ಸದ್ದಿರಲಿಲ್ಲ.

ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದ್ದಾಗ, 2020ರಲ್ಲಿ, ಹೊತ್ತು ಕಳೆಯಲೆಂದು ತೊಡಗಿದ ರಮ್ಮಿಯಾಟ. ಮೊದಲು ಇಪ್ಪತ್ತು ಮೂವತ್ತು ರೂಪಾಯಿ, ಅನಂತರ ಸಾವಿರಗಳು, ಅನಂತರ ಕ್ರಿಕೆಟ್ ತಂಡ ಕಟ್ಟುವ ಪಣ. ನಾನು ತಿಳಿಯುವ ಹೊತ್ತಿಗೆ ಹೆಂಡತಿಯ ಬಳೆಗಳು ಗಿರವಿಗೆ ಹೋಗಿದ್ದವು, ಎರಡು ಚೀಟಿಗಳನ್ನು ಕೂಗಿ ಎತ್ತಿಯಾಗಿತ್ತು, ಸರಕು ಕೊಟ್ಟ ಸೂರತ್ತಿನ ವ್ಯಾಪಾರಿ ಫೋನ್ ಮೇಲೆ ಫೋನ್ ಮಾಡುತ್ತಿದ್ದ. ಲೆಕ್ಕ ಹಾಕಿದಾಗ ಒಟ್ಟು ನಷ್ಟ 39 ಲಕ್ಷ. ಬಳೆಗಳನ್ನು ಗಿರವಿ ಇಟ್ಟುಕೊಂಡವರೂ ನಮ್ಮ ಸಾಧರ್ಮಿಯೇ ಎಂಬುದನ್ನು ಇಲ್ಲಿ ಹೇಳದಿದ್ದರೆ ನಾನು ಪ್ರಾಮಾಣಿಕನಾಗಲಾರೆ. ಅವರು ಬಡ್ಡಿಯ ದರವನ್ನು ಕೇಳಿದರು, ಕಾರಣವನ್ನು ಕೇಳಲಿಲ್ಲ.

ಈಗ ನನ್ನದೇ ತಪ್ಪನ್ನು ಹೇಳುತ್ತೇನೆ. ನಾನು ಮಾಡಿದ ಮೊದಲ ಕೆಲಸ ಉಪದೇಶ. ಶ್ರಾವಕಾಚಾರ ಹೇಳಿದೆ, ಪಾಂಡವರ ಕಥೆ ಹೇಳಿದೆ, ತಂದೆಯ ಹೆಸರೆತ್ತಿದೆ. ಅವನು ಅತ್ತ. ಅತ್ತವನು ಬದಲಾದನೆಂದು ನಾನು ಭ್ರಮಿಸಿದೆ. ಆ ವರ್ಷದ ದಶಲಕ್ಷಣ ಪರ್ವದಲ್ಲಿ ಅವನನ್ನು ಬಸದಿಗೆ ಕರೆದೊಯ್ದು, ಪೂಜ್ಯ ಮುನಿಗಳ ಸನ್ನಿಧಿಯಲ್ಲಿ ಆಜೀವ ದ್ಯೂತತ್ಯಾಗದ ನಿಯಮ ಕೊಡಿಸಿದೆ. ಆ ನಿಯಮ ನಾಲ್ಕು ದಿನ ನಿಂತಿತು. ಐದನೆಯ ದಿನ ಬೆಳಗಿನ ಜಾವ ಮೂರು ಗಂಟೆಗೆ, ಮನೆಯ ಸ್ನಾನದ ಕೋಣೆಯಲ್ಲಿ ನಿಂತುಕೊಂಡು ಅವನು ಮತ್ತೆ ಆಡಿದ. ಅಲ್ಲಿಂದ ಮುಂದೆ ಅವನು ಬಸದಿಗೆ ಬರುವುದನ್ನೇ ನಿಲ್ಲಿಸಿದ. ವ್ರತಭಂಗ ಮಾಡಿದವನು ಭಗವಂತನ ಮುಂದೆ ಹೇಗೆ ನಿಲ್ಲಲಿ ಎಂದು ಹೆಂಡತಿಯ ಬಳಿ ಹೇಳಿದನಂತೆ. ಯಂತ್ರದಿಂದ ಬಿಡಿಸಹೋದ ನಾನು ಬಸದಿಯಿಂದ ಅವನನ್ನು ಬಿಡಿಸಿದೆ.

ನಿಯಮವೆಂಬುದು ಸ್ವಾಧೀನನಾದ ಜೀವ ತನಗೆ ತಾನೇ ಹಾಕಿಕೊಳ್ಳುವ ಕಟ್ಟು. ಪರಾಧೀನನಾದವನ ಕೈಯಲ್ಲಿ ಸಹಿ ಹಾಕಿಸಿಕೊಂಡ ಪತ್ರಕ್ಕೆ ನ್ಯಾಯಾಲಯದಲ್ಲಿಯೂ ಬೆಲೆಯಿಲ್ಲ. ಆ ಹೊತ್ತಿನಲ್ಲಿ ನನ್ನ ಮಿತ್ರ ಸ್ವಾಧೀನನಾಗಿದ್ದನೇ ಎಂದು ನಾನು ಕೇಳಿಕೊಳ್ಳಬೇಕಾಗಿತ್ತು. ಇರಲಿಲ್ಲ. ಇದು ಅಲಂಕಾರದ ಮಾತಲ್ಲವೆಂದು ತೋರಿಸಲು ಯಂತ್ರದ ಒಳಗನ್ನು ಸ್ವಲ್ಪ ಬಿಚ್ಚಿಡಬೇಕು.

ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿದ. ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ ಹಕ್ಕಿ ಹಸಿವಾದಾಗ ಮಾತ್ರ ಕುಕ್ಕುತ್ತದೆ; ಕಾಳು ಬರುವುದು ನಿಂತರೆ ಬೇಗನೆ ಬಿಟ್ಟುಬಿಡುತ್ತದೆ. ಯಾವ ಕುಕ್ಕಿಗೆ ಕಾಳು ಬರುವುದೆಂದು ತಿಳಿಯದಂತೆ ಮಾಡಿದರೆ ಅದು ಬಿಡುವುದೇ ಇಲ್ಲ, ಕಾಳು ನಿಂತ ಮೇಲೂ ಬಹುಕಾಲ ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರ ಮನುಷ್ಯನನ್ನು ಹಿಡಿಯುವುದೂ ಹೀಗೆಯೇ ಎಂದು ಸ್ಕಿನ್ನರನೇ ಹೇಳಿದ್ದಾನೆ. 2009ರಲ್ಲಿ ಕೇಂಬ್ರಿಜಿನ ಸಂಶೋಧಕರು ಇನ್ನೊಂದು ಸಂಗತಿಯನ್ನು ತೋರಿಸಿದರು: ಕೂದಲೆಳೆಯಲ್ಲಿ ತಪ್ಪಿದ ಗೆಲುವು ಸೋಲೇ ಆದರೂ, ಮಿದುಳಿನಲ್ಲಿ ಗೆಲುವಿಗೆ ಸ್ಪಂದಿಸುವ ಭಾಗಗಳನ್ನೇ ಅದು ಕೆಣಕುತ್ತದೆ, ಆಡುವ ಆಸೆಯನ್ನು ಹೆಚ್ಚಿಸುತ್ತದೆ. ಲಾಸ್ ವೇಗಸ್ ನಗರದ ಜೂಜುಯಂತ್ರಗಳ ಮುಂದೆ ಕುಳಿತವರನ್ನು ದೀರ್ಘಕಾಲ ಅಭ್ಯಸಿಸಿದ ನತಾಶಾ ಡೌ ಶುಲ್ ಎಂಬ ವಿದುಷಿ 2012ರ ತಮ್ಮ ಗ್ರಂಥದಲ್ಲಿ ಬರೆದ ವಿಷಯವಂತೂ ನನ್ನನ್ನು ನಡುಗಿಸಿತು. ವ್ಯಸನ ಬಲಿತವರು ಗೆಲ್ಲುವುದಕ್ಕಾಗಿ ಆಡುತ್ತಿರಲಿಲ್ಲ. ಆಡುತ್ತಲೇ ಇರುವುದಕ್ಕಾಗಿ ಆಡುತ್ತಿದ್ದರು. ಹೊತ್ತು, ಹಣ, ದೇಹ ಎಲ್ಲ ಮರೆತ ಒಂದು ಸ್ಥಿತಿಯೇ ಅವರಿಗೆ ಬೇಕಾಗಿತ್ತು. ನನ್ನ ಮಿತ್ರನನ್ನು ಕೇಳಿದೆ. "ಗೆದ್ದ ದಿನ ಇನ್ನೂ ಕಷ್ಟ. ಹಣ ಇರುವ ತನಕ ಏಳೋಕಾಗಲ್ಲ. ಸೋತು ಖಾಲಿಯಾದ್ರೆ ನಿದ್ದೆ ಬರ್ತಿತ್ತು" ಎಂದ. ಲೋಭಕ್ಕೂ ಆಚೆಗಿನ ಬಂಧನ ಇದು.

ಪಾರಿವಾಳದ ಪೆಟ್ಟಿಗೆಗೂ ಇಂದಿನ ಮೊಬೈಲಿಗೂ ಒಂದು ವ್ಯತ್ಯಾಸವಿದೆ. ಪೆಟ್ಟಿಗೆಗೆ ಹಕ್ಕಿಯ ಪರಿಚಯವಿರಲಿಲ್ಲ. ಇದಕ್ಕೆ ನಮ್ಮ ಪರಿಚಯವಿದೆ. ಎಷ್ಟು ಗಂಟೆಗೆ ನಿದ್ದೆ ಬಾರದೆ ಹೊರಳುತ್ತೇವೆ, ಯಾವ ತಾರೀಖು ಕೈಗೆ ಹಣ ಬರುತ್ತದೆ, ಎಷ್ಟು ಸೋತರೆ ಎದ್ದುಹೋಗುತ್ತೇವೆ, ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳಬಲ್ಲದು. ಮೂರು ದಿನ ಮಿತ್ರ ಆ ಕಡೆ ಹೋಗದಿದ್ದರೆ ಅವನ ಖಾತೆಗೆ 500 ರೂಪಾಯಿ ಉಚಿತವಾಗಿ ಜಮೆಯಾಗಿದೆ ಎಂಬ ಸಂದೇಶ ಬರುತ್ತಿತ್ತು, ಅದೂ ರಾತ್ರಿ ಹನ್ನೊಂದರ ಮೇಲೆ. ಯಂತ್ರಕ್ಕೆ ಮನಸ್ಸಿಲ್ಲ, ಅದು ಪುದ್ಗಲ, ನಾನು ಬಲ್ಲೆ. ಆದರೆ ಅದರ ಹಿಂದೆ ಕುಳಿತು ಅದನ್ನು ಹೀಗೆ ರಚಿಸಿದವರಿಗೆ ಮನಸ್ಸಿದೆ, ಮತ್ತು ಆ ಮನಸ್ಸು ಸಂಬಳ ಪಡೆದು ಇದೊಂದೇ ಕೆಲಸವನ್ನು ಮಾಡುತ್ತಿರುತ್ತದೆ. ಇತ್ತ ಕಡೆ ಒಬ್ಬ ಬಟ್ಟೆ ವ್ಯಾಪಾರಿ, ಒಬ್ಬಂಟಿ, ಬೆಳಗಿನ ಜಾವ ಮೂರು ಗಂಟೆ. ಇವನಿಗೆ ನಾವು ಮನೋಬಲದ ಪಾಠ ಹೇಳುತ್ತೇವೆ! ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯಲ್ಲಿ ಜೂಜಿನ ವ್ಯಸನವನ್ನೂ ಆಟದ ವ್ಯಸನವನ್ನೂ ಸೇರಿಸಿದೆ; ಆ ಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಜ್ವರ ಬಂದವನಿಗೆ ನಿಯಮ ಕೊಟ್ಟು ಕಳಿಸುವ ವೈದ್ಯನನ್ನು ನಾವು ಒಪ್ಪುವುದಿಲ್ಲ.

"ಇದು ಜೂಜಲ್ಲ, ಕೌಶಲದ ಆಟ" ಎಂಬ ವಾದವನ್ನು ನಮ್ಮ ವಿದ್ಯಾವಂತ ಯುವಕರೇ ನನ್ನ ಮುಂದೆ ಮಂಡಿಸಿದ್ದಾರೆ. ಅವರು ಉಲ್ಲೇಖಿಸುವುದು 1967ರ ಸುಪ್ರೀಂ ಕೋರ್ಟ್ ತೀರ್ಪನ್ನು. ಆಂಧ್ರದ ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ನ್ಯಾಯಾಲಯ ಹೇಳಿದ್ದು ನಿಜ. ಆದರೆ ಅದು ಒಂದು ಮೇಜಿನ ಸುತ್ತ ಮುಖ ನೋಡಿಕೊಂಡು ಕುಳಿತ ಕ್ಲಬ್ಬಿನ ಸದಸ್ಯರ ಆಟ. ಆಟದಿಂದ ಆಡಿಸುವವನೇ ಲಾಭ ಮಾಡಿಕೊಳ್ಳುತ್ತಿದ್ದರೆ ಮಾತು ಬೇರೆಯಾದೀತೆಂದು ಅದೇ ತೀರ್ಪು ಹೇಳಿದೆ. ಅದನ್ನು ಯಾರೂ ಉಲ್ಲೇಖಿಸುವುದಿಲ್ಲ. ಪ್ರತಿ ಆಟದಿಂದಲೂ ಪಾಲು ಕತ್ತರಿಸಿಕೊಳ್ಳುವ ಆ್ಯಪಿಗೆ ಈ ಮಾತು ಅನ್ವಯಿಸುವುದಿಲ್ಲವೇ? ಇನ್ನು ಯಂತ್ರದ ವಿಷಯ. ಅದೇ ನ್ಯಾಯಾಲಯ 1995ರಲ್ಲಿ ತೀರ್ಮಾನಿಸಿದ ಎಂ.ಜೆ. ಶಿವಾನಿ ಪ್ರಕರಣ ಹೊರಟದ್ದು ನಮ್ಮ ಕರ್ನಾಟಕದಿಂದ. ವಿಡಿಯೊ ಗೇಮ್ ಅಂಗಡಿಗಳ ಮೇಲಿನ ನಿಯಂತ್ರಣವನ್ನು ಪ್ರಶ್ನಿಸಿದ ಮೊಕದ್ದಮೆ. ಯಂತ್ರವನ್ನು ಮಾಲೀಕ ತನಗೆ ಬೇಕಾದಂತೆ ತಿರುಚಬಲ್ಲವನಾದರೆ ಎಂಥ ಕುಶಲನೂ ಗೆಲ್ಲಲಾರನೆಂಬ ಅಂಶವನ್ನು ನ್ಯಾಯಾಲಯ ಗಮನಿಸಿ, ನಿಯಂತ್ರಣವನ್ನು ಎತ್ತಿಹಿಡಿಯಿತು. ಮೂವತ್ತು ವರ್ಷದ ಹಿಂದೆ ಅಂಗಡಿಯಲ್ಲಿದ್ದ ಪೆಟ್ಟಿಗೆ ಈಗ ಜೇಬಿನಲ್ಲಿದೆ, ಅಷ್ಟೆ.

ಕಾನೂನಿನಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ನನ್ನ ಮಿತ್ರನ ಅನುಭವವೇ ಉತ್ತರ. ರಾಜ್ಯದ ಪೊಲೀಸ್ ಕಾಯಿದೆಯ ತಿದ್ದುಪಡಿ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯಾಂಶಗಳನ್ನು ರದ್ದುಪಡಿಸಿತು. ಆ ನಾಲ್ಕು ತಿಂಗಳು ಅವನ ಮೊಬೈಲಿನಲ್ಲಿ ಆಟ ತೆರೆಯುತ್ತಿರಲಿಲ್ಲ. ನಿದ್ದೆ ಮಾಡಿದೆ, ಊಟದ ರುಚಿ ತಿಳಿಯಿತು ಎಂದು ಅವನೇ ಹೇಳಿದ್ದಾನೆ. ತೀರ್ಪು ಬಂದ ವಾರದೊಳಗೆ ಸಂದೇಶಗಳು ಮರಳಿದವು. ಮೇಲೆ ಹೇಳಿದ 39 ಲಕ್ಷದಲ್ಲಿ ಬಹುಪಾಲು ಹೋದದ್ದು ಅದಾದ ಮೇಲೆ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಎಲ್ಲ ಆನ್‌ಲೈನ್ ಆಟಗಳನ್ನು, ಕೌಶಲವೋ ಅದೃಷ್ಟವೋ ಎಂಬ ಭೇದವೆಣಿಸದೆ, ನಿಷೇಧಿಸುವ ಕಾಯಿದೆ ಮಾಡಿತು. ಆಡಿಸುವವರಿಗೆ ಮೂರು ವರ್ಷದ ವರೆಗೆ ಸೆರೆ, ಒಂದು ಕೋಟಿಯ ವರೆಗೆ ದಂಡ, ಆಡುವವನಿಗೆ ಶಿಕ್ಷೆಯಿಲ್ಲ. ಆಡುವವನನ್ನು ಅಪರಾಧಿಯೆನ್ನದೆ ಬಲಿಪಶುವೆಂದು ಕಂಡ ವಿವೇಕ ಸಂಸತ್ತಿಗೆ ಬಂದಿತು. ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಆ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಹೊರದೇಶಗಳಿಂದ ನಡೆಯುವ ಜೂಜಿನ ತಾಣಗಳಂತೂ ಕಳ್ಳದಾರಿಯಲ್ಲಿ ಬರುತ್ತಲೇ ಇವೆ. ಆದುದರಿಂದ ಸರ್ಕಾರ ಬಾಗಿಲು ಹಾಕಿತೆಂದು ನಾವು ಮಲಗುವಂತಿಲ್ಲ.

ವ್ಯಾಪಾರಿ ಸಮಾಜವಾದ ನಮಗೆ ಇನ್ನೊಂದು ಬಾಗಿಲಿದೆ, ಅದರ ಮೇಲೆ ಜೂಜೆಂಬ ಫಲಕವಿಲ್ಲ. ಷೇರು ಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್. ಕಂಪನಿಯೊಂದರಲ್ಲಿ ಹಣ ತೊಡಗಿಸಿ ವರ್ಷಗಟ್ಟಲೆ ಕಾಯುವುದನ್ನು ನಾನು ಆಕ್ಷೇಪಿಸುತ್ತಿಲ್ಲ. ಆದರೆ ಈ ಗಂಟೆಯಲ್ಲಿ ಕೊಂಡು ಮುಂದಿನ ಗಂಟೆಯಲ್ಲಿ ಮಾರುವ ಪಣವನ್ನು ಯಾವ ಬಾಯಿಂದ ವ್ಯಾಪಾರವೆನ್ನೋಣ? ಸೆಬಿ ಸಂಸ್ಥೆಯೇ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಈ ವಹಿವಾಟಿಗಿಳಿದ ಸುಮಾರು ಒಂದು ಕೋಟಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ತಲಾ ನಷ್ಟ ಸರಾಸರಿ 2 ಲಕ್ಷ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ರಮ್ಮಿಯಲ್ಲಿ ಸೋತವನು ತಲೆತಗ್ಗಿಸಿಯಾದರೂ ನಡೆಯುತ್ತಾನೆ. ಇದರಲ್ಲಿ ಸೋಲುತ್ತಿರುವವನು ಬಸದಿಯ ಜಗಲಿಯ ಮೇಲೆ ಕುಳಿತು ಇತರರಿಗೆ ಸಲಹೆ ಕೊಡುತ್ತಿರುತ್ತಾನೆ.

ಇನ್ನು ನಮ್ಮವರ ನಿಜವಾದ ಎರಡು ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು, "ಅವನ ಕರ್ಮೋದಯ, ಅನುಭವಿಸಲಿ" ಎಂಬುದು. ನಾನು ಬಹುವಾಗಿ ಗೌರವಿಸುವ ಹಿರಿಯ ಧರ್ಮದರ್ಶಿಗಳೊಬ್ಬರು ಹೀಗೆಂದರು. ಸ್ವಾಧ್ಯಾಯದಲ್ಲಿ ಪಳಗಿದ ಇನ್ನೊಬ್ಬರು ಇನ್ನೂ ಸೂಕ್ಷ್ಮವಾಗಿ ವಾದಿಸಿದರು: ಮೊಬೈಲು ಕೇವಲ ನಿಮಿತ್ತ, ಉಪಾದಾನ ಅವನ ಲೋಭವೇ, ಪರದ್ರವ್ಯ ಜೀವವನ್ನು ಕೆಡಿಸಲಾರದು. ಈ ಮಾತಿನಲ್ಲಿ ಸತ್ಯವಿಲ್ಲವೆನ್ನುವ ಧೈರ್ಯ ನನಗಿಲ್ಲ. ಅದೇ ಯಂತ್ರ ನನ್ನ ಕೈಯಲ್ಲೂ ಇದೆ, ನಾನು ಆಡಲಿಲ್ಲ. ಆದರೆ ನಿಮಿತ್ತಕ್ಕೆ ಯಾವ ಬೆಲೆಯೂ ಇಲ್ಲವಾದರೆ ಶ್ರಾವಕಾಚಾರದ ಅರ್ಧ ಭಾಗವನ್ನು ಹರಿದು ಬಿಸಾಡಬೇಕಾಗುತ್ತದೆ. ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಸಮಂತಭದ್ರಾಚಾರ್ಯರು ಏಕೆ ಎಣಿಸಿದರು? ಕತ್ತಿ, ವಿಷ, ಬೆಂಕಿ ಇವನ್ನು ಇನ್ನೊಬ್ಬನ ಕೈಗೆ ಕೊಡಬೇಡವೆಂದು ಏಕೆ ಹೇಳಿದರು? ಕೊಲ್ಲುವ ಉಪಾದಾನ ಪಡೆದವನದೇ ಅಲ್ಲವೇ! ದುಃಶ್ರುತಿಯನ್ನು ಏಕೆ ನಿಷೇಧಿಸಿದರು? ಕಿವಿಗೆ ಬಿದ್ದ ಮಾತು ಚಿತ್ತವನ್ನು ಕಲಕುತ್ತದೆ ಎಂದೇ. ಪರಿಗ್ರಹ ಪರಿಮಾಣ, ದಿಗ್ವ್ರತ, ದೇಶವ್ರತ ಇವೆಲ್ಲ ಏನು? ನಿಮಿತ್ತಗಳಿಗೆ ಹಾಕಿದ ಬೇಲಿಗಳು. ಕಳೆದುಕೊಂಡದ್ದನ್ನೇ ನೆನೆನೆನೆದು ಕೊರಗುವುದು ಇಷ್ಟವಿಯೋಗದ ಆರ್ತಧ್ಯಾನ; ಮುಂದೆ ದೊರೆತೀತೆಂದು ಹಂಬಲಿಸುವುದು ನಿದಾನದ ಆರ್ತಧ್ಯಾನ. "ಇವತ್ತೊಂದು ದಿನ ಬಿಡು, ಹೋದದ್ದು ಬಂದ್ರೆ ಕೈ ತೊಳ್ಕೊಂಡುಬಿಡ್ತೀನಿ" ಎಂದು ನನ್ನ ಮಿತ್ರ ನನ್ನೊಡನೆ ನೂರು ಸಲ ಹೇಳಿದ ಮಾತಿನಲ್ಲಿ ಎರಡೂ ಇವೆ. ನಮ್ಮ ಆಚಾರ್ಯರು ಹೆಸರಿಟ್ಟು ಗುರುತಿಸಿದ ಈ ಎರಡು ಧ್ಯಾನಗಳನ್ನೇ ಬಂಡವಾಳವಾಗಿಸಿಕೊಂಡು ಯಂತ್ರ ಕಟ್ಟಿದವರಿದ್ದಾರೆ. ಕರ್ಮದ ಹೆಸರು ಹೇಳಿ ಅವರನ್ನು ಬಿಟ್ಟುಬಿಡುವುದು ಕರ್ಮಸಿದ್ಧಾಂತವಲ್ಲ, ಸೋಮಾರಿತನ.

ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಅದು ಸದ್ಗುಣದ ವೇಷದಲ್ಲಿದೆ. "ಮನೆತನದ ಮಾನ, ಸಮಾಜದ ಮಾನ. ಸುಮ್ಮನಿರಿ. ಸಾಧರ್ಮಿಯ ದೋಷವನ್ನು ಮುಚ್ಚುವುದು ಸಮ್ಯಗ್ದರ್ಶನದ ಅಂಗವಲ್ಲವೇ?" ಹೌದು, ಉಪಗೂಹನ ಎಂಟು ಅಂಗಗಳಲ್ಲಿ ಐದನೆಯದು. ಅದಕ್ಕೆ ಹೇಳುವ ಕಥೆಯನ್ನು ಪೂರ್ತಿಯಾಗಿ ನೆನಪಿಸಿಕೊಳ್ಳೋಣ. ಜಿನೇಂದ್ರಭಕ್ತನೆಂಬ ಶ್ರೇಷ್ಠಿಯ ಮನೆಯ ಚೈತ್ಯಾಲಯದಲ್ಲಿ ಪಾರ್ಶ್ವನಾಥ ಬಿಂಬದ ಛತ್ರದಲ್ಲಿ ಅಮೂಲ್ಯವಾದ ವೈಡೂರ್ಯವಿತ್ತು. ಕಳ್ಳನೊಬ್ಬ ಕ್ಷುಲ್ಲಕನ ವೇಷ ಧರಿಸಿ ಬಂದು ಅದನ್ನು ಕದ್ದು ಓಡುವಾಗ ಕಾವಲುಗಾರರ ಕೈಗೆ ಸಿಕ್ಕ. ಧರ್ಮಕ್ಕೆ ಅಪವಾದ ಬರಬಾರದೆಂದು ಶ್ರೇಷ್ಠಿಯು, ತಾನೇ ತರಹೇಳಿದ್ದೆನೆಂದು ಅವನನ್ನು ಬಿಡಿಸಿದ. ನಮ್ಮವರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ಶ್ರೇಷ್ಠಿಯು ಆ ರತ್ನವನ್ನು ಕಳ್ಳನ ಕೈಯಲ್ಲೇ ಬಿಡಲಿಲ್ಲ; ಏಕಾಂತದಲ್ಲಿ ಅವನನ್ನು ಗದರಿಸಿ ಹೊರಗಟ್ಟಿದ. ಲೋಕದ ಮುಂದೆ ಮುಚ್ಚಿದ, ಮನೆಯೊಳಗೆ ಸರಿಪಡಿಸಿದ. ನಾವು ಲೋಕದ ಮುಂದೆ ಮುಚ್ಚುತ್ತೇವೆ, ಮನೆಯೊಳಗೂ ಮುಚ್ಚುತ್ತೇವೆ. ರತ್ನ ಕಳ್ಳನ ಕೈಯಲ್ಲಿ, ಮೊಬೈಲು ಮಿತ್ರನ ಕೈಯಲ್ಲಿ.

ಉಪಗೂಹನದ ಬೆನ್ನಿಗೇ, ಆರನೆಯದಾಗಿ, ಸ್ಥಿತಿಕರಣವನ್ನು ಹೇಳಿರುವುದನ್ನು ಗಮನಿಸಬೇಕು. ಜಾರುತ್ತಿರುವವನನ್ನು ಮತ್ತೆ ನಿಲ್ಲಿಸುವುದು. ಅದಕ್ಕೆ ನಿದರ್ಶನನಾದ ವಾರಿಷೇಣ ಶ್ರೇಣಿಕ ಮಹಾರಾಜನ ಮಗ, ಮುನಿಯಾದವನು. ಅವನೊಡನೆ ದೀಕ್ಷೆ ಪಡೆದ ಮಿತ್ರ ಪುಷ್ಪಡಾಲನ ಮನಸ್ಸು ಹನ್ನೆರಡು ವರ್ಷವಾದರೂ ಮನೆಯಲ್ಲಿ ಬಿಟ್ಟುಬಂದ ಹೆಂಡತಿಯ ಮೇಲೆಯೇ ಇತ್ತು. ವಾರಿಷೇಣ ಉಪದೇಶದ ಮೇಲೆ ಉಪದೇಶ ಹೇರಲಿಲ್ಲ. ಮಿತ್ರನನ್ನು ಕರೆದುಕೊಂಡು ನೇರವಾಗಿ ರಾಜಗೃಹದ ತನ್ನ ಅರಮನೆಗೇ ನಡೆದ. ತಾಯಿ ಚೇಲಿನಿಗೆ ಎದೆ ಧಸಕ್ಕೆಂದಿತು, ಮಗ ವ್ರತಭ್ರಷ್ಟನಾಗಿ ಬಂದನೋ ಎಂದು. ಪರೀಕ್ಷಿಸಲು ಸರಾಗಿಗೊಂದು ವಿರಾಗಿಗೊಂದು ಎಂದು ಎರಡು ಬಗೆಯ ಆಸನಗಳನ್ನಿರಿಸಿದಳು. ವಾರಿಷೇಣ ವಿರಾಗಿಯ ಆಸನದಲ್ಲಿ ಕುಳಿತು, ತಾನು ತೊರೆದುಹೋದ ಮೂವತ್ತೆರಡು ಮಡದಿಯರನ್ನು ಸರ್ವಾಲಂಕಾರದೊಡನೆ ಕರೆಸಿ, ಬೇಕಾದರೆ ಇದೆಲ್ಲವೂ ನಿನ್ನದು ಎಂದು ಮಿತ್ರನಿಗೆ ತೋರಿಸಿದ. ಪುಷ್ಪಡಾಲ ನಾಚಿದ, ಎಚ್ಚೆತ್ತ. ಈ ಕಥೆಯನ್ನು ನಾನು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇನೆ. ಎಲ್ಲರೂ ಪುಷ್ಪಡಾಲನ ನಾಚಿಕೆಯನ್ನು ಬಣ್ಣಿಸುತ್ತಾರೆ. ನನಗೀಗ ಕಾಣುವುದು ಚೇಲಿನಿಯ ಅನುಮಾನ. ಮಿತ್ರನನ್ನು ಎತ್ತಲು ಹೊರಟವನು ಹೆತ್ತ ತಾಯಿಯ ಕಣ್ಣಲ್ಲೇ ಕೆಲವು ಗಳಿಗೆ ಪತಿತನಾದ. ಅದಕ್ಕೆ ಸಿದ್ಧನಿಲ್ಲದವನು ಯಾರನ್ನೂ ಎತ್ತಲಾರ.

ನನಗೂ ಅದು ತಟ್ಟಿತು. ನಿಯಮ ಮುರಿದ ಮೇಲೆ ಎರಡು ತಿಂಗಳು ನಾವಿಬ್ಬರೂ ಮಾತನಾಡಲಿಲ್ಲ. ಕೊನೆಗೆ ಅವನ ಹೆಂಡತಿ, "ಅಣ್ಣಾ, ಬುದ್ಧಿ ಹೇಳೋದು ಬೇಡ. ಜೊತೆಗೆ ಬಂದು ಕೂತ್ಕೊಳ್ಳಿ ಸಾಕು" ಎಂದು ಕರೆದಳು. ಆ ಹೆಣ್ಣುಮಗಳಿಗಿದ್ದ ತಿಳಿವಳಿಕೆ ನನಗಿರಲಿಲ್ಲ. ಮೊದಲು ಕೈಗೆ ಸಿಗುವ ಹಗ್ಗಗಳನ್ನು ಕತ್ತರಿಸಿದೆವು. ಮೊಬೈಲನ್ನು ಅವನೇ ತನ್ನ ಕೈಯಿಂದ ಮಗಳಿಗೊಪ್ಪಿಸಿ, ಗುಂಡಿಯೊತ್ತುವ ಹಳೆಯ ಮಾದರಿಯ ಫೋನು ತೆಗೆದುಕೊಂಡ. ಅಂಗಡಿಯ ಖಾತೆಯ ವಹಿವಾಟು ಹೆಂಡತಿಯ ಕೈಗೆ ಬಂತು. ಬ್ಯಾಂಕಿನ ಸಂದೇಶ ಬರುವ ಸಿಮ್ಮೂ ಅವಳ ಬಳಿ. ಸಾಲಗಾರರನ್ನೆಲ್ಲ ಒಂದು ಭಾನುವಾರ ಕೂಡಿಸಿ, ಯಾರಿಗೆ ಎಷ್ಟು ತಿಂಗಳಲ್ಲಿ ಎಂದು ಬರೆದುಕೊಂಡೆವು. ಮರೆಮಾಚಿದ ಸಾಲ ಒಂದೇ ಉಳಿದರೂ ಅದನ್ನು ತೀರಿಸಲು ಮತ್ತೆ ಆಡುತ್ತಾನೆಂದು ವೈದ್ಯರು ಎಚ್ಚರಿಸಿದ್ದರು. ವೈದ್ಯರೆಂದರೆ ನಿಮ್ಹಾನ್ಸ್‌ನವರು. 2014ರಿಂದ ಅಲ್ಲಿ ಇಂಥವರಿಗಾಗಿಯೇ ಷಟ್ ಕ್ಲಿನಿಕ್ ಎಂಬ ವಿಭಾಗವಿದೆ. ಇದು ನಮ್ಮ ಊರಿನಲ್ಲೇ ಇದೆಯೆಂಬುದು ನಮ್ಮ ಬಸದಿಗೆ ಬರುವ ಹತ್ತು ಮಂದಿಗೆ ತಿಳಿದಿಲ್ಲ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುವ ಆಪ್ತಸಲಹಾಕಾರರು ಸಿಗುತ್ತಾರೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ ಅದು, ಶುಲ್ಕವಿಲ್ಲ.

ಮನೋವೈದ್ಯರ ಬಾಗಿಲಲ್ಲಿ ನಮ್ಮಿಬ್ಬರನ್ನು ಕಂಡವರೊಬ್ಬರು ಊರಿಗೆ ಹೋಗಿ ಏನು ಹೇಳಿದರೆಂಬುದು ನನಗೆ ಮೂರನೆಯವರಿಂದ ತಿಳಿಯಿತು. ಹುಚ್ಚು ಹಿಡಿದಿರುವುದು ಅವನಿಗೋ ನನಗೋ ಎಂಬಲ್ಲಿ ಮಾತ್ರ ಅವರಿಗೆ ಸಂಶಯವಿತ್ತು. ಇರಲಿ.

ಅವನು ಎರಡು ಸಲ ಜಾರಿದ. ಒಮ್ಮೆ ಅಂಗಡಿಯ ಹುಡುಗನ ಮೊಬೈಲಿನಲ್ಲಿ, ಇನ್ನೊಮ್ಮೆ ಮದುವೆಮನೆಯಲ್ಲಿ ಭಾವಮೈದುನನ ಮೊಬೈಲಿನಲ್ಲಿ. ಎರಡು ಸಲವೂ ಅವನೇ ಬಂದು ಹೇಳಿದ, ಅಳಲಿಲ್ಲ. ಮೊದಲಿನ ಅಳುವಿಗಿಂತ ಈ ಹೇಳುವಿಕೆಯನ್ನು ನಾನು ಹೆಚ್ಚೆಂದು ಭಾವಿಸುತ್ತೇನೆ. ನಿಯಮ ಕೊಡಿಸುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಈಗ ಹದಿನಾಲ್ಕು ತಿಂಗಳಾಗಿದೆ.

ಈ ಅವಧಿಯಲ್ಲಿ ನಮ್ಮ ಟ್ರಸ್ಟು ಏನು ಮಾಡಿತು ಎಂಬ ಪ್ರಶ್ನೆಗೆ ಉತ್ತರ ಸಂಕ್ಷಿಪ್ತ: ಏನೂ ಇಲ್ಲ. ಅದಕ್ಕೂ ಮೊದಲಿನ ಒಂದು ಸಂಗತಿಯಿದೆ. 2021ರ ಬೇಸಗೆಯಲ್ಲಿ, ಆಟದಲ್ಲಿ ದೊಡ್ಡ ಮೊತ್ತ ಗೆದ್ದ ವಾರ, ಮಿತ್ರ ಬಸದಿಯ ಸವಾಲಿನಲ್ಲಿ ಪ್ರಥಮ ಕಲಶವನ್ನು ಕೂಗಿ ಪಡೆದಿದ್ದ. ಹಾರ ಹಾಕಿದರು, ಧ್ವನಿವರ್ಧಕದಲ್ಲಿ ಹೆಸರು ಹೇಳಿದರು. ನಾನೂ ಚಪ್ಪಾಳೆ ತಟ್ಟಿದವನೇ. ಗೃಹಸ್ಥನ ಗುಣಗಳನ್ನು ಎಣಿಸುವಾಗ ಪಂಡಿತ ಆಶಾಧರರು ಮೊದಲು ಹೇಳಿದ್ದು ನ್ಯಾಯದಿಂದ ಗಳಿಸಿದ ಧನವನ್ನು. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ತಮ್ಮ ಮೂವತ್ತೈದು ಗುಣಗಳನ್ನು ಆರಂಭಿಸಿದ್ದೂ ಅದರಿಂದಲೇ. ಆಚಾರ್ಯರು ಎರಡು ಪಂಥಗಳಲ್ಲೂ ಮೊದಲು ಕೇಳಿದ ಪ್ರಶ್ನೆಯನ್ನು ನಮ್ಮ ಸವಾಲಿನ ಮಂಟಪದಲ್ಲಿ ಕೊನೆಯದಾಗಿಯೂ ಯಾರೂ ಕೇಳುವುದಿಲ್ಲ. ಆ ದಿನ ಧರ್ಮದರ್ಶಿಗಳಲ್ಲೊಬ್ಬರು ಅವನನ್ನು ಪಕ್ಕಕ್ಕೆ ಕರೆದು, "ಅಂಗಡಿ ಬಾಗಿಲು ಹಾಕಿರುವ ಈ ಕಾಲದಲ್ಲಿ ಇಷ್ಟು ಹಣ ಎಲ್ಲಿಂದಪ್ಪಾ?" ಎಂದು ಒಂದು ಮಾತು ಕೇಳಿದ್ದರೆ, 39 ಲಕ್ಷದ ಜಾಗದಲ್ಲಿ ಮೂರು ನಾಲ್ಕು ಲಕ್ಷಕ್ಕೆ ಈ ಕಥೆ ಮುಗಿಯುತ್ತಿತ್ತು.

ಹೋದ ತಿಂಗಳು ನಾನು ಟ್ರಸ್ಟಿಗೆ ಲಿಖಿತವಾಗಿ ಮೂರು ಬೇಡಿಕೆಗಳನ್ನು ಸಲ್ಲಿಸಿದ್ದೇನೆ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಂದು ಸಂಜೆ ಪ್ರವಚನದ ಸ್ಥಾನದಲ್ಲಿ ಮನೋವೈದ್ಯರೊಬ್ಬರನ್ನು ಕರೆಸಿ ಮಾತನಾಡಿಸಬೇಕು. ಸವಾಲಿನಲ್ಲಿ ಕೂಗಿದವರಿಂದ ಇದು ನ್ಯಾಯಾರ್ಜಿತ ಧನವೆಂಬ ಒಂದು ಸಾಲಿನ ಒಪ್ಪಿಗೆ ಬರೆಸಿಕೊಳ್ಳಬೇಕು. ಸುಳ್ಳು ಬರೆಯುವವರು ಬರೆಯಲಿ, ಕೈ ಒಂದು ಕ್ಷಣ ನಿಂತೀತು. ಇಂಥ ಸಾಲದಲ್ಲಿ ಸಿಕ್ಕಿದ ಸಾಧರ್ಮಿಗಳಿಗಾಗಿ ಬಡ್ಡಿಯಿಲ್ಲದ ಒಂದು ಚಿಕ್ಕ ನಿಧಿಯಿರಬೇಕು. ಹಣ ಅವರ ಕೈಗೆ ಹೋಗದೆ ನೇರವಾಗಿ ಸಾಲ ಕೊಟ್ಟವರಿಗೆ ಹೋಗಬೇಕು. ಬಸದಿಯ ಹೊಸ ಅಮೃತಶಿಲೆಯ ನೆಲಹಾಸಿಗೆ ಸಂಗ್ರಹವಾದ ಹಣದ ಇಪ್ಪತ್ತರಲ್ಲಿ ಒಂದಂಶ ಇದಕ್ಕೆ ಸಾಕು. ನೆಲಹಾಸನ್ನು ವಿರೋಧಿಸುತ್ತೇನೆಂದು ಇದರ ಅರ್ಥವಲ್ಲ, ಆದರೆ ಅದರ ಮೇಲೆ ನಡೆದುಬರುವವರು ಬೇಕಲ್ಲ.

ಪತ್ರ ತಲುಪಿದ್ದಕ್ಕೆ ರಸೀತಿ ಬಂದಿದೆ. ವಿಷಯವನ್ನು ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದೆಂದು ಕಾರ್ಯದರ್ಶಿಗಳು ಬಾಯಿಮಾತಿನಲ್ಲಿ ತಿಳಿಸಿ, "ಹೆಸರು ಮಾತ್ರ ಹೊರಗೆ ಬರದ ಹಾಗೆ ನೋಡಿಕೊಳ್ಳಿ" ಎಂದರು. ಮೊನ್ನೆ ಸಂಜೆ ಈ ಮಾತನ್ನು ಮಿತ್ರನಿಗೆ ಹೇಳಿದೆ. ಅವನು ಗಲ್ಲಾದ ಹಿಂದೆ ಕುಳಿತು ಒಂದು ಥಾನು ಬಟ್ಟೆಯನ್ನು ಮಡಿಸುತ್ತಿದ್ದ. ಮಗಳ ಮದುವೆ ಆಗಿಹೋಗಲಿ, ಆ ಸಂಜೆಯ ಸಭೆಯಲ್ಲಿ ತಾನೇ ಎದ್ದು ನಿಂತು ಹೇಳುತ್ತೇನೆ ಎಂದ. ಅಷ್ಟರಲ್ಲಿ ಯಾರೋ ಹೊಸ್ತಿಲು ತುಳಿದರು. ಅವನು ಎದ್ದು ಹೋದ.